ಹಿತ್ತಲಿಗೆ ಎರಡು ಅಂಜೂರ, ಎಕರೆ ಮಾತು ಆಮೇಲೆ

ಹೋದ ತಿಂಗಳು ಪಕ್ಕದ ಹಳ್ಳಿಯ ಹುಡುಗನೊಬ್ಬ ಬೈಕ್ ಹತ್ತಿ ನಮ್ಮ ಮನೆಗೆ ಬಂದ. ಕೈಯಲ್ಲಿ ಮೊಬೈಲು, ಅದರಲ್ಲಿ ಅಂಜೂರ ತೋಟದ ವಿಡಿಯೋ. "ಕಾಕಾ, ಈ ವರ್ಷ ಒಂದು ಎಕರೆ ಅಂಜೂರ ಹಾಕಬೇಕಂತ ಮಾಡೀನಿ. ನೀವು ಹಾಕಿದ್ರಂತಲ್ಲ, ಸಸಿ ಎಲ್ಲಿಂದ ತಂದ್ರಿ?" ಅಂತ ಕೇಳಿದ.

ನಾನು ಏನೂ ಹೇಳದೆ ಅವನನ್ನು ಹೊಲಕ್ಕೆ ಕರೆದುಕೊಂಡು ಹೋದೆ. ಬದುವಿನ ಮೇಲೆ ಒಟ್ಟಿದ್ದ ಒಣಗಿದ ಬೊಡ್ಡೆಗಳನ್ನು ತೋರಿಸಿದೆ. ಆಮೇಲೆ ಮನೆಗೆ ಕರೆತಂದು ಹಿತ್ತಲಲ್ಲಿ ನಮ್ಮವ್ವ ನೆಟ್ಟ ಗಿಡದ ಕೆಳಗೆ ಕೂರಿಸಿ ಚಹಾ ಕೊಟ್ಟೆ. ಎರಡೂ ಅಂಜೂರವೇ. ಒಂದು ಒಲೆಗೆ ಹೋಯಿತು, ಇನ್ನೊಂದು ಇವತ್ತಿಗೂ ಹಣ್ಣು ಕೊಡುತ್ತದೆ. ಇದು ಯಾಕೆ ಹೀಗಾಯಿತು ಅಂತ ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಾನು ಓದಿದ್ದು ಏಳನೇ ಇಯತ್ತೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಅವ್ವನ ಗಿಡ

ನಮ್ಮದು ಕೊಪ್ಪಳ ಜಿಲ್ಲೆ. ತುಂಗಭದ್ರಾ ಕಾಲುವೆ ನೀರು ನಮ್ಮೂರಿನ ಮಗ್ಗುಲಿಗೂ ಬಂದಿಲ್ಲ. ಐದೂವರೆ ಎಕರೆ ಮಸಾರಿ ಹೊಲ. ಸಜ್ಜೆ, ಹೆಸರು, ತೊಗರಿ, ಶೇಂಗಾ ಇಷ್ಟೇ ನಮ್ಮ ಬೆಳೆ. ಮಳೆ ಬಂದರೆ ಊಟ, ಇಲ್ಲಾಂದ್ರೆ ದುಡಿಯಲು ಬೇರೆ ಊರು.

1994ರ ಸುಮಾರಿಗೆ ನಮ್ಮವ್ವ ಬಳ್ಳಾರಿ ಕಡೆಯ ತವರಿಗೆ ಹೋದವಳು ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ಮೂರು ಕಡ್ಡಿ ತಂದಳು. ಬಳ್ಳಾರಿ ಭಾಗದಲ್ಲಿ ಅಂಜೂರ ಹಳೆಯ ಬೆಳೆ. ಶ್ರೀರಂಗಪಟ್ಟಣದ ಹತ್ತಿರದ ಗಂಜಾಂ ಕೂಡ ಹಿಂದೆ ಅಂಜೂರಕ್ಕೆ ಹೆಸರಾಗಿತ್ತು. ಅವ್ವ ಬಚ್ಚಲ ನೀರು ಹೋಗುವ ಕಡೆ ಮೂರನ್ನೂ ಊರಿದಳು. ಒಂದು ಒಣಗಿತು, ಒಂದನ್ನು ಆಡು ತಿಂದಿತು, ಒಂದು ಉಳಿಯಿತು. ಗೊಬ್ಬರ ಅಂತ ಯಾರೂ ಹಾಕಲಿಲ್ಲ. ಒಲೆಯ ಬೂದಿ, ದನದ ಕೊಟ್ಟಿಗೆಯ ಕಸ, ಬಚ್ಚಲ ನೀರು ಅಷ್ಟೇ. ಎರಡನೇ ವರ್ಷಕ್ಕೆ ನಾಲ್ಕು ಕಾಯಿ ಬಿಟ್ಟಿತು. ನಾಲ್ಕನೇ ವರ್ಷದಿಂದ ಬೇಸಿಗೆಯಲ್ಲಿ ದಿನಾ ಮನೆಮಂದಿಗೆ ಆಗುವಷ್ಟು ಹಣ್ಣು.

ನಮ್ಮಂಥ ಮನೆಯಲ್ಲಿ ಹಣ್ಣು ಅಂದರೆ ಯಾರಾದರೂ ಆಸ್ಪತ್ರೆಯಲ್ಲಿ ಮಲಗಿದಾಗ ತರುವ ವಸ್ತು. ಸಂತೆಯಲ್ಲಿ ಎರಡು ಬಾಳೆಹಣ್ಣು ಕೊಂಡರೂ ಲೆಕ್ಕ ಹಾಕುತ್ತೇವೆ. ಅಂಥ ಮನೆಯ ಮೂರು ಮಕ್ಕಳು ಅಂಜೂರ ತಿಂದು ಬೆಳೆದವು. ಮಗಳು ಬಾಣಂತನಕ್ಕೆ ಬಂದಾಗ ಅವ್ವ ಒಣಗಿಸಿಟ್ಟ ಹಣ್ಣನ್ನು ಹಾಲಲ್ಲಿ ನೆನೆಸಿ ಕೊಟ್ಟಳು. ಹೊಟ್ಟೆ ಕಟ್ಟಿಕೊಂಡವರಿಗೆ ಓಣಿಯವರೆಲ್ಲ ನಮ್ಮ ಮನೆಗೆ ಬಂದು ಎರಡು ಹಣ್ಣು ಕೇಳಿ ಒಯ್ಯುತ್ತಿದ್ದರು. ಈ ಗಿಡದಿಂದ ಒಂದು ರೂಪಾಯಿ ಬಂದಿಲ್ಲ. ಅದಕ್ಕೇ ಅದರ ಬೆಲೆ ನನಗೆ ಬಹಳ ದಿನ ಗೊತ್ತಾಗಲಿಲ್ಲ.

ಎಕರೆ ಮಾಡಿದ ಕತೆ

ಹಿತ್ತಲ ಗಿಡ ನೋಡಿಯೇ ನನಗೆ ಆಸೆ ಹುಟ್ಟಿತು. ಏನೂ ಮಾಡದೆ ಒಂದು ಗಿಡ ಇಷ್ಟು ಕೊಟ್ಟರೆ ಎಕರೆಗೆ ಎಷ್ಟು ಅಂತ ಗುಣಿಸಿದೆ. ಈ ಗುಣಾಕಾರ ಎಷ್ಟು ರೈತರನ್ನು ಮುಳುಗಿಸಿದೆಯೋ ದೇವರಿಗೇ ಗೊತ್ತು.

2016ರ ಮುಂಗಾರಿಗೆ ಒಂದು ಎಕರೆ ಹಾಕಿದೆ. 15 ಅಡಿಗೆ ಒಂದರಂತೆ 190 ಸಸಿ. ಸಸಿ ಮಾರಿದವರು "ಹಣ್ಣು ನಾವೇ ಕೊಳ್ತೀವಿ" ಅಂದಿದ್ದರು. ಕಾಗದದ ಮೇಲೆ ಏನೂ ಇರಲಿಲ್ಲ. ಯಾರು ಅಂತ ಬರೆಯುವುದಿಲ್ಲ, ನಂಬಿದ ತಪ್ಪು ನನ್ನದೂ ಇದೆ. ಬೋರು, ಹನಿ ನೀರಾವರಿ, ಗುಂಡಿ, ಗೊಬ್ಬರ, ಎಲ್ಲಕ್ಕೂ ಸಾಲ ಮಾಡಿದೆ.

2018ರಲ್ಲಿ ಸ್ವಲ್ಪ ಹಣ್ಣು. 2019ರಲ್ಲಿ ಚೆನ್ನಾಗಿ ಬಂತು. ಕೊಳ್ಳುತ್ತೇವೆ ಅಂದವರ ಫೋನು ಹತ್ತಲಿಲ್ಲ. ಆದರೂ ಸಂತೆ, ಬಸ್ ಸ್ಟ್ಯಾಂಡು, ಹಣ್ಣಿನ ಅಂಗಡಿ ಅಂತ ತಿರುಗಿ ಮಾರಿದೆವು. ಬಡ್ಡಿ ಕಟ್ಟಿ ಸ್ವಲ್ಪ ಉಳಿಯಿತು. ಊರಲ್ಲಿ ನನಗೆ 'ಅಂಜೂರದವ' ಅಂತ ಹೆಸರಾಯಿತು. ನೋಡಲು ಬಂದವರಿಗೆಲ್ಲ ಎದೆ ಉಬ್ಬಿಸಿ ತೋಟ ತೋರಿಸಿದೆ. ಅದನ್ನು ನೋಡಿ ಇಬ್ಬರು ತಾವೂ ಹಾಕಿದರು.

2020ರ ಮಾರ್ಚ್ 25ಕ್ಕೆ ಕೊರೊನಾ ಲಾಕ್‌ಡೌನ್ ಬಂತು. ನಮ್ಮ ಕಡೆ ಅಂಜೂರದ ಒಳ್ಳೆಯ ಹಣ್ಣು ಬರುವುದೇ ಶಿವರಾತ್ರಿ ಆಸುಪಾಸಿನಿಂದ ಬೇಸಿಗೆ ಮುಗಿಯುವವರೆಗೆ. ಗಿಡದ ತುಂಬಾ ಹಣ್ಣು, ರಸ್ತೆಯಲ್ಲಿ ಗಾಡಿ ಇಲ್ಲ. ಮಾವಿನಕಾಯಿ ಹಾಗೆ ಇದನ್ನು ಕಾಯಿ ಇದ್ದಾಗ ಕಿತ್ತು ಹಣ್ಣು ಮಾಡಲು ಬರುವುದಿಲ್ಲ. ಗಿಡದಲ್ಲೇ ಹಣ್ಣಾಗಬೇಕು. ಹಣ್ಣಾದ ಮೇಲೆ ನೆರಳಲ್ಲಿಟ್ಟರೂ ಒಂದೆರಡು ದಿನ, ಅಷ್ಟೇ. ಮಾಳಿಗೆ ಮೇಲೆ ಒಣಗಿಸಿದೆವು. ನಾಲ್ಕೈದು ಕಿಲೋ ಹಣ್ಣು ಒಣಗಿಸಿದರೆ ಒಂದು ಕಿಲೋ. ಅವಸರಕ್ಕೆ ಸರಿಯಾಗಿ ಒಣಗಿಸಲಿಲ್ಲ, ಮಳೆಗಾಲಕ್ಕೆ ಹುಳ ಬಿತ್ತು. ಉಳಿದದ್ದನ್ನು ತಿಪ್ಪೆಗೆ ಹಾಕಿದೆವು. ಆ ಬೇಸಿಗೆ ನಮ್ಮ ಎಮ್ಮೆ ಸಹ ಅಂಜೂರ ಮೂಸಿ ಮುಖ ತಿರುಗಿಸುತ್ತಿತ್ತು.

2021ರ ನವೆಂಬರಿನಲ್ಲಿ ಅಕಾಲದ ಮಳೆ ಹಿಡಿಯಿತು. ಎಲೆ ಹಿಂಭಾಗದಲ್ಲಿ ತುಕ್ಕಿನ ಪುಡಿ ಕಾಣಿಸಿ ವಾರದಲ್ಲಿ ಎಲೆಯೆಲ್ಲ ಉದುರಿತು. ಎಲೆ ಇಲ್ಲದ ಗಿಡದಲ್ಲಿ ಕಾಯಿ ನಿಲ್ಲಲಿಲ್ಲ. ಬೇರು ಕಿತ್ತು ನೋಡಿದರೆ ಕೆಲವು ಗಿಡಕ್ಕೆ ಗಂಟು ಗಂಟು. ಅದು ಜಂತು ಹುಳದ ಬಾಧೆಯಂತೆ, ಸಸಿಯ ಮಣ್ಣಲ್ಲೇ ಬಂದಿರಬಹುದು ಅಂತ ನೋಡಿದವರು ಹೇಳಿದರು. 2023ರಲ್ಲಿ ಬರ. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರಕಾರ ಸಾರಿತು. ಬೋರು ಮೊದಲು ತಾಸು ಬಿಟ್ಟು ತಾಸು ಓಡಿತು, ಆಮೇಲೆ ಗಾಳಿ ಉಗುಳಿತು. 2024ರ ಬೇಸಿಗೆಯಲ್ಲಿ ಗಿಡ ಕಡಿಸಿದೆ. ಸಾಲದ ಕೊನೆಯ ಕಂತನ್ನು ಮಗ ಲಾರಿ ಓಡಿಸಿ ಕಟ್ಟಿದ.

ನನ್ನನ್ನು ನೋಡಿ ಹಾಕಿದ ಇಬ್ಬರಲ್ಲಿ ಒಬ್ಬನ ಸಾಲ ಇನ್ನೂ ತೀರಿಲ್ಲ. ಸಂತೆಯಲ್ಲಿ ಎದುರಾದರೆ ಅವನು ಏನೂ ಅನ್ನುವುದಿಲ್ಲ, ಆರಾಮ ಏನಪ್ಪ ಅಂತಾನೆ. ಅದೇ ನನಗೆ ಹೆಚ್ಚು ಚುಚ್ಚುತ್ತದೆ. ಅವನು ಬಂದಾಗ ನಾನು 2019ರ ಹಣ್ಣು ತೋರಿಸಿದೆ, ಸಾಲದ ಪಾಸ್‌ಬುಕ್ಕು ತೋರಿಸಲಿಲ್ಲ.

ನೀರಿನ ಲೆಕ್ಕ

ಅಂಜೂರ ಬರ ತಡೆಯುವ ಗಿಡ ಅನ್ನುವುದು ಸುಳ್ಳಲ್ಲ. ಆದರೆ ಗಿಡ ಸಾಯದೆ ಉಳಿಯುವುದು ಬೇರೆ, ಹಣ್ಣು ತುಂಬುವುದು ಬೇರೆ. ಈ ಎರಡನ್ನೂ ಒಂದೇ ಅಂತ ತಿಳಿದು ನಾನು ಕೆಟ್ಟೆ.

ಹಣ್ಣು ಬರುವ ಕಾಲಕ್ಕೆ ನನ್ನ ಹೊಲದ ಗಿಡಕ್ಕೆ ದಿನಕ್ಕೆ 25 ಲೀಟರ್ ಬಿಡುತ್ತಿದ್ದೆ. 190 ಗಿಡಕ್ಕೆ 4,750 ಲೀಟರ್. ಅಂದರೆ ದಿನಕ್ಕೊಂದು ಟ್ಯಾಂಕರ್ ನೀರು, ಅದೂ ಊರಿನ ಹೆಣ್ಣುಮಕ್ಕಳು ಕೊಡ ಹಿಡಿದು ನಲ್ಲಿ ಮುಂದೆ ನಿಲ್ಲುವ ದಿನಗಳಲ್ಲಿ. ಹಿತ್ತಲ ಎರಡು ಗಿಡಕ್ಕೆ ಬೇಕಾದದ್ದು 50 ಲೀಟರ್. ಮನೆಯಲ್ಲಿ ಮೂರು ಜನ ಸ್ನಾನ ಮಾಡಿದರೆ ಅಷ್ಟು ನೀರು ಹೊರಗೆ ಬಂದೇ ಬರುತ್ತದೆ. ಅದಕ್ಕೆ ಬೋರು ಬೇಡ, ಕರೆಂಟು ಬೇಡ, ರಾತ್ರಿ ಎದ್ದು ಮೋಟರ್ ಹಾಕುವುದೂ ಬೇಡ. ಮಳೆ ಬರಲಿ ಬಿಡಲಿ, ಮನುಷ್ಯರು ಮೈ ತೊಳೆಯಲೇಬೇಕು.

ಮಾರುಕಟ್ಟೆಯ ಲೆಕ್ಕವೂ ಹೀಗೇ. ಮಹಾರಾಷ್ಟ್ರದ ಪುರಂದರ ತಾಲೂಕಿನ ಅಂಜೂರಕ್ಕೆ 2016ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಅಲ್ಲಿಯವರು ಎಕರೆಗಟ್ಟಲೆ ಬೆಳೆದು ಗೆದ್ದಿದ್ದಾರೆ, ಸಂತೋಷ. ಆದರೆ ಅವರಿಗೆ ಪುಣೆ ಪಕ್ಕದಲ್ಲೇ ಇದೆ, ಮುಂಬೈ ಒಂದು ರಾತ್ರಿಯ ದಾರಿ. ನಮ್ಮೂರಿಗೆ ಬಸ್ಸು ಬರುವುದೇ ದಿನಕ್ಕೆ ಎರಡು ಸಲ. ಬೇರೆಯವರ ತೋಟ ನೋಡುವಾಗ ಗಿಡದ ಜೊತೆ ಆ ತೋಟದ ರಸ್ತೆಯನ್ನೂ ನೋಡಬೇಕಿತ್ತು.

ಹಿತ್ತಲೇ ಹೋಗುತ್ತಿದೆ

ಎರಡು ಗಿಡ ಹಾಕಿ ಅಂದರೆ ಈಗ ಕೇಳುವ ಪ್ರಶ್ನೆ, 'ಹಿತ್ತಲು ಎಲ್ಲಿದೆ?' ನಮ್ಮ ಊರಲ್ಲಿ ಹೊಸ ಮನೆ ಕಟ್ಟಿದವರೆಲ್ಲ ಹಿಂದಿನ ಜಾಗಕ್ಕೆ ಸಿಮೆಂಟ್ ಬಳಿದಿದ್ದಾರೆ. ಬಚ್ಚಲ ನೀರು ಪೈಪಿನಲ್ಲಿ ಓಣಿಗೆ, ಓಣಿಯಲ್ಲಿ ಸೊಳ್ಳೆ. ಕರಿಬೇವನ್ನು ಸಂತೆಯಲ್ಲಿ ಕೊಳ್ಳುತ್ತೇವೆ. ಒಕ್ಕಲುತನದ ಮನೆಗೆ ನುಗ್ಗೆಕಾಯಿ ಪೇಟೆಯಿಂದ ಬರುತ್ತದೆ ಅಂದರೆ ನಾಚಿಕೆ ಆಗಬೇಕು.

ಮೂರು ವರ್ಷದ ಹಿಂದೆ ನಾವೂ ಮನೆ ಕಟ್ಟಿದೆವು. ಗೌಂಡಿ ಬಂದವನೇ ಅವ್ವನ ಗಿಡಕ್ಕೆ ಸುಣ್ಣದ ಗೆರೆ ಎಳೆದ. ಅಲ್ಲೇ ಶೌಚದ ಗುಂಡಿ ಬರಬೇಕು ಅಂದ. ಮಗನೂ ಹೂಂ ಅಂದ. ಆಗ ಹೊಲದ ಗಿಡಗಳು ಒಣಗುತ್ತಿದ್ದವು, ನನಗೆ ಅಂಜೂರದ ಹೆಸರು ಕೇಳಿದರೇ ಬೇಸರ. ಕಡಿಯಲಿ ಬಿಡು ಅನ್ನುವ ಮನಸ್ಸು ನನಗೂ ಬಂದಿತ್ತು. ನನ್ನ ಹೆಂಡತಿ ಒಬ್ಬಳೇ ಅಡ್ಡ ನಿಂತಳು. "ಹೊಲದಾಗಿನ ನೂರಾ ತೊಂಬತ್ತು ಸಾಲ ತಂದ್ವು. ಇದು ಏನು ಕೇಳೈತಿ ನಿಮಗ?" ಅಂದಳು. ಗುಂಡಿ ಹತ್ತಡಿ ಆಚೆ ಸರಿಯಿತು. ಖರ್ಚು ಹೆಚ್ಚಾಗಿದ್ದು ಎರಡು ಪೈಪು ಮಾತ್ರ.

ನೆಡುವವರಿಗೆ ನಾಲ್ಕು ಮಾತು

ಅಂಜೂರ ಆಲ, ಅರಳಿ, ಅತ್ತಿಯ ಕುಲದ್ದು. ಅತ್ತಿ ಹೂವು ಕಂಡವರಿಲ್ಲ ಅಂತಾರಲ್ಲ, ಹಾಗೇ ಇದರ ಹೂವೂ ಕಾಯಿಯ ಒಳಗೇ ಇರುತ್ತದೆ. ಅತ್ತಿಹಣ್ಣಲ್ಲಿ ಹುಳ ಇರುವುದರಿಂದ ಇದರಲ್ಲೂ ಇರುತ್ತದೆ ಅಂತ ಕೆಲವರು ತಿನ್ನುವುದಿಲ್ಲ. ನಮ್ಮ ಬಳ್ಳಾರಿ, ಪುಣೆ ಕಡೆಯ ತಳಿಗೆ ಕಾಯಿ ಕಟ್ಟಲು ಯಾವ ಕಣಜವೂ ಬೇಡ. ಆದರೆ ತುರ್ಕಿಯ ಸ್ಮಿರ್ನಾ ಜಾತಿಗೆ ಒಂದು ಸಣ್ಣ ಕಣಜ ಒಳಹೊಕ್ಕು ಪರಾಗ ತಲುಪಿಸಲೇಬೇಕು, ಇಲ್ಲದಿದ್ದರೆ ಕಾಯಿ ಉದುರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದವರು ಈ ಜಾತಿ ನೆಟ್ಟು ವರ್ಷಗಟ್ಟಲೆ ಕಾಯಿ ಉದುರಿಸಿಕೊಂಡು, 1899ರಲ್ಲಿ ಆ ಕಣಜವನ್ನೂ ತಂದು ನೆಲೆಗೊಳಿಸಿದ ಮೇಲೆ ಹಣ್ಣು ಕಂಡರಂತೆ. ಆದ್ದರಿಂದ ವಿದೇಶಿ ಸಸಿ ಅಂತ ಹೆಚ್ಚು ದುಡ್ಡು ಕೊಡಬೇಡಿ. ನಿಮ್ಮ ಸುತ್ತ ಹಣ್ಣು ಬಿಡುತ್ತಿರುವ ಗಿಡದ ಕಡ್ಡಿಯೇ ಒಳ್ಳೆಯದು.

ಕಡ್ಡಿ ಒಂದು ವರ್ಷ ಬಲಿತ ಕೊಂಬೆಯದಿರಲಿ. ಬೆರಳಿನ ದಪ್ಪ, ಒಂದು ಗೇಣು ಉದ್ದ, ಮೂರು-ನಾಲ್ಕು ಕಣ್ಣು ಇರಬೇಕು. ಮುಕ್ಕಾಲು ಭಾಗ ಮಣ್ಣೊಳಗೆ, ಒಂದು ಕಣ್ಣು ಮೇಲೆ. ಚೀಲದಲ್ಲಿ ಮರಳು, ಮಣ್ಣು, ಕೊಟ್ಟಿಗೆ ಗೊಬ್ಬರ ಸಮ ಹಾಕಿ ಊರಿ ನೆರಳಲ್ಲಿಡಿ. ತಿಂಗಳೊಳಗೆ ಚಿಗುರುತ್ತದೆ. ಚಿಗುರಿದ ಕೂಡಲೇ ಬೇರು ಬಂತು ಅಂತ ಕಿತ್ತು ನೋಡಬೇಡಿ, ಎರಡು-ಮೂರು ತಿಂಗಳು ತಡೆಯಿರಿ.

ಗುಂಡಿ ಎರಡಡಿ ಉದ್ದ, ಅಗಲ, ಆಳ. ಗೋಡೆ, ಬಾವಿ, ಪೈಪಿನಿಂದ ಹತ್ತು-ಹನ್ನೆರಡು ಅಡಿ ದೂರ ಇರಲಿ, ಬೇರು ನೀರು ಹುಡುಕಿಕೊಂಡು ಹೋಗುವ ಜಾತಿ ಇದು. ಬಿಸಿಲು ಬೀಳುವ ಕಡೆ ನೆಡಿ. ಎರೆ ಮಣ್ಣಿದ್ದವರು ನೀರು ನಿಲ್ಲದ ಹಾಗೆ ದಿಬ್ಬ ಮಾಡಿ ನೆಡಬೇಕು.

ಬಚ್ಚಲ ನೀರನ್ನು ಬುಡಕ್ಕೇ ಬಿಡಬೇಡಿ. ಮೂರಡಿ ದೂರದಲ್ಲಿ ಒಂದು ಕುಣಿ ತೋಡಿ, ಇಟ್ಟಿಗೆ ಚೂರು, ಮರಳು ತುಂಬಿ ಅದಕ್ಕೆ ಬಿಡಿ. ಸ್ವಲ್ಪ ಸವುಳು ತಡೆಯುವ ಗಿಡ ಇದು. ಆದರೆ ಬಟ್ಟೆ ಸೋಡಾ, ಸಾಬೂನು ಪುಡಿಯ ನೀರು ಬೇಡ, ಅದನ್ನು ಬೇರೆ ಕಡೆ ಬಿಡಿ.

ಹಣ್ಣು ಬರುವುದು ಹೊಸ ಚಿಗುರಿನ ಎಲೆ ಬುಡದಲ್ಲಿ. ಅದಕ್ಕೇ ಸವರುವುದು ಮುಖ್ಯ. ದಸರೆ ಹೊತ್ತಿಗೆ ಕೊಂಬೆ ಸವರಿ, ಗೊಬ್ಬರ, ನೀರು ಕೊಟ್ಟರೆ ಶಿವರಾತ್ರಿ ಹೊತ್ತಿಗೆ ಹಣ್ಣು ಶುರು. ಮಳೆಗಾಲದ ಹಣ್ಣು ಹುಳಿ, ಸಪ್ಪೆ. ಅದನ್ನು ಹಕ್ಕಿಗೆ ಬಿಟ್ಟುಬಿಡಿ. ಗಿಡವನ್ನು ಕೈಗೆಟಕುವ ಎತ್ತರದಲ್ಲೇ ಇಟ್ಟುಕೊಂಡರೆ ಹೆಂಗಸರು, ಮಕ್ಕಳಿಗೆ ಕೀಳಲು ಸಲೀಸು. ಕಾಯಿ ಮಾಗುವಾಗ ಒಮ್ಮೆಗೇ ಹೆಚ್ಚು ನೀರು ಕೊಟ್ಟರೆ ಬಿರಿಯುತ್ತದೆ, ಸ್ವಲ್ಪ ಸ್ವಲ್ಪ ಕೊಡಿ. ಕಾಯಿಯ ಕುತ್ತಿಗೆ ಬಾಗಿ, ಒತ್ತಿದರೆ ಮೆತ್ತಗಾದರೆ ಹಣ್ಣಾಯಿತು ಅಂತ ಲೆಕ್ಕ. ತೊಟ್ಟಿನ ಹಾಲು ಮೈಗೆ ತಾಗಿದರೆ ತುರಿಕೆ ಬರುತ್ತದೆ. ಕೀಳುವಾಗ ತುಂಬು ತೋಳಿನ ಅಂಗಿ ಇರಲಿ, ಹಾಲು ಹತ್ತಿದ ಕೈಯಲ್ಲಿ ಕಣ್ಣು ಮುಟ್ಟಬಾರದು.

ಮಳೆಗಾಲಕ್ಕೆ ತುಕ್ಕು ರೋಗ ಬಂದರೆ ಉದುರಿದ ಎಲೆ ಗುಡಿಸಿ ಸುಟ್ಟುಬಿಡಿ, ಬುಡದಲ್ಲಿ ಬಿಡಬೇಡಿ. ಒಂದು ಪರ್ಸೆಂಟ್ ಬೋರ್ಡೋ ದ್ರಾವಣ ಮುಂಚಿತವಾಗಿ ಹೊಡೆದರೆ ಒಳ್ಳೆಯದು. ಕಾಂಡದಲ್ಲಿ ತೂತು, ಕೆಳಗೆ ಮರದ ಹೊಟ್ಟು ಕಂಡರೆ ಕೊರೆಯುವ ಹುಳ ಇದೆ ಅಂತ ಅರ್ಥ. ತಂತಿ ಹಾಕಿ ಚುಚ್ಚಿ, ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ತುರುಕಿ, ಕೆಸರು ಮೆತ್ತಿ. ಬೇರು ಗಂಟಿಗೆ ಬೇವಿನ ಹಿಂಡಿ ಹಾಕಿ, ಬುಡದ ಸುತ್ತ ಚೆಂಡುಹೂ ಹಚ್ಚಿ. ಹಕ್ಕಿ, ಬಾವಲಿ ಕಾಟಕ್ಕೆ ಹಳೆ ಸೀರೆ ಹೊದಿಸುತ್ತೇವೆ. ನೂರು ಗಿಡಕ್ಕೆ ಸೀರೆ ಎಲ್ಲಿಂದ ತರುವುದು? ಎರಡು ಗಿಡಕ್ಕಾದರೆ ಮನೆಯಲ್ಲೇ ಸಿಗುತ್ತದೆ.

ಇದಕ್ಕೆ ಎದುರು ಮಾತು

'ಎರಡು ಗಿಡದಿಂದ ಹೊಟ್ಟೆ ತುಂಬುತ್ತದೇನು?' ಅಂತ ಆ ಹುಡುಗ ಕೇಳಿದ. ಸರಿಯಾದ ಪ್ರಶ್ನೆ. ತುಂಬುವುದಿಲ್ಲ. ಸಾಲ ತೀರುವುದಿಲ್ಲ, ಮಗಳ ಮದುವೆಯೂ ಆಗುವುದಿಲ್ಲ. ಆದರೆ ಎರಡು ಗಿಡ ನಿಮ್ಮನ್ನು ಸಾಲಕ್ಕೂ ಹಾಕುವುದಿಲ್ಲ. ಮೂರು ವರ್ಷ ಸಾಕಿದರೆ ನಿಮ್ಮ ಮಣ್ಣಿಗೆ ಅದು ಒಗ್ಗುತ್ತದೋ ಇಲ್ಲವೋ, ತುಕ್ಕು ಯಾವಾಗ ಬರುತ್ತದೆ, ಸವರಿದರೆ ಎಷ್ಟು ಚಿಗುರುತ್ತದೆ, ಒಂದು ಬುಟ್ಟಿ ಹಣ್ಣನ್ನು ಸಂತೆಯಲ್ಲಿ ಎಷ್ಟಕ್ಕೆ ಕೇಳುತ್ತಾರೆ, ಎಲ್ಲಾ ಗೊತ್ತಾಗುತ್ತದೆ. ಆ ಮೇಲೂ ನೀರಿದ್ದು, ಕೊಳ್ಳುವವರಿದ್ದು, ಎಕರೆ ಹಾಕುವುದಾದರೆ ಹಾಕಿ. ಬೇಡ ಅನ್ನಲು ನಾನ್ಯಾರು? ನೀರು, ದಾರಿ ಎರಡೂ ಇದ್ದು ಅಂಜೂರದಲ್ಲಿ ಗೆದ್ದವರೂ ನಮ್ಮ ಜಿಲ್ಲೆಯಲ್ಲಿದ್ದಾರೆ. ಹಿತ್ತಲಲ್ಲಿ ಪಾಠ ಕಲಿಯುವ ಬದಲು ನಾನು ಹೊಲದಲ್ಲಿ ಕಲಿತೆ. ಶುಲ್ಕ ಬಹಳ ಆಯಿತು.

ಇನ್ನೊಂದು ಮಾತು ಪತ್ರಿಕೆಗೆ. ಯಾರಾದರೂ ಹೊಸ ಬೆಳೆಯಲ್ಲಿ ಗೆದ್ದರು ಅಂತ ಬರೆದಾಗ ಮೂರು ವರ್ಷ ಬಿಟ್ಟು ಮತ್ತೆ ಅವರನ್ನು ಕೇಳಿ ಬರೆಯಬೇಕು. ಸೋತವರು ತಾವಾಗಿ ಬರೆಯುವುದಿಲ್ಲ. ನಾನೂ ಇಷ್ಟು ದಿನ ಬರೆದಿರಲಿಲ್ಲ. 2019ರಲ್ಲಿ ಯಾರಾದರೂ ಬಂದು ಕೇಳಿದ್ದರೆ ಫೋಟೋ ಸಮೇತ ಬರೆಸುತ್ತಿದ್ದೆ. ಅದನ್ನು ಓದಿ ಎಷ್ಟು ಜನ ಗುಂಡಿ ತೋಡುತ್ತಿದ್ದರೋ.

ಆ ಹುಡುಗ ಹೋಗುವಾಗ ಎರಡು ಕಡ್ಡಿ ಕೊಡಿ ಅಂದ. ಈಗ ಕಡಿದರೆ ಇರುವ ಕಾಯಿ ಹೋಗುತ್ತದೆ, ದಸರೆಗೆ ಸವರುವಾಗ ಬಾ ಅಂದೆ. ಓದಿದ ನೀವೂ ಬರಬಹುದು. ದುಡ್ಡು ಬೇಡ, ಒಂದು ಒದ್ದೆ ಗೋಣಿಚೀಲ ತಂದರೆ ಸಾಕು. ಒಬ್ಬರಿಗೆ ಎರಡೇ ಕಡ್ಡಿ. ಮೂರನೆಯದು ಕೇಳಿದರೆ ಹೊಲದ ಬದುವಿನ ಬೊಡ್ಡೆ ತೋರಿಸಿ ಕಳಿಸುತ್ತೇನೆ.